ಗಾಲಿಯ ಮೇಲಿನ ಮನೆ

೨೦೨೩ರ ಬೇಸಿಗೆಯಲ್ಲಿ ನಾನು, ನನ್ನ ಹೆಂಡತಿ ಇಬ್ಬರೂ ಮಗಳ ಮನೆಗೆಂದು ಅಮೇರಿಕೆಗೆ ಹೋಗಿ ಐದು ತಿಂಗಳು ಇದ್ದು ಬಂದೆವು. ಮಿಶಿಗನ್ ರಾಜ್ಯದಲ್ಲಿ ಆನ್ ಆರ್ಬರ್ ಎಂಬ ಊರಿನ ಮಗ್ಗುಲಿಗೆ ಅವರ ಮನೆ. ಹೋದ ಎರಡನೆಯ ವಾರ ಒಂದು ರಾತ್ರಿ ಊಟವಾದ ಮೇಲೆ ಅಳಿಯಂದಿರು ತಮ್ಮ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ, "ಮಾವ, ಇದನ್ನ ತಗೋಬಹುದಾ ನೋಡಿ. ನಿಮ್ಮ ಅಭಿಪ್ರಾಯ ಬೇಕು" ಎಂದರು.

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದ ನನ್ನನ್ನು ಸಾಮಾನು ಕೊಳ್ಳುವ ವಿಷಯದಲ್ಲಿ ಅದುವರೆಗೆ ಯಾರೂ ಅಭಿಪ್ರಾಯ ಕೇಳಿದ್ದಿಲ್ಲ. ಸ್ವತಃ ನನ್ನ ಹೆಂಡತಿಯೇ ಕೇಳಿದ್ದಿಲ್ಲ. ಅಳಿಯಂದಿರು ಮೈಸೂರಿನ ಕಡೆಯವರು, ಮರ್ಯಾದೆಗೆ ಕೇಳಿರಬೇಕೆಂದುಕೊಂಡು ನೋಡಿದೆ. ಒಂದು ಬಿಳಿಯ ಉದ್ದನೆಯ ಪೆಟ್ಟಿಗೆ. ಕೆಳಗೆ ನಾಲ್ಕು ಗಾಲಿ, ಮುಂದೆ ಚಕ್ಕಡಿಗಿದ್ದಂತೆ ಕಬ್ಬಿಣದ ಮೂಕಿ. ಒಳಗೆ ಹಾಸಿಗೆ, ಒಲೆ, ಫ್ರಿಜ್ಜು, ಪಾಯಖಾನೆ ಎಲ್ಲ ಇವೆ. ಕಾರಿನ ಹಿಂದೆ ಕಟ್ಟಿಕೊಂಡು ಬೇಕಾದಲ್ಲಿಗೆ ಎಳೆದುಕೊಂಡು ಹೋಗಬಹುದು. ಅದಕ್ಕೆ ಅವರು ಟ್ರ್ಯಾವೆಲ್ ಟ್ರೇಲರ್ ಎನ್ನುತ್ತಾರೆ. ಹೊಸದಲ್ಲ, ಒಬ್ಬರು ಬಳಸಿ ಮಾರುತ್ತಿರುವಂಥದು.

"ಟ್ರೇಲರ್ ಅಂದರ ಕಬ್ಬು ಹೇರತಾರಲ್ಲ, ಅದಽ? ಅದರಾಗ ಮನಷಾರು ಯಾಕ ಮಲಗಬೇಕು?" ಎಂದು ಅಡಿಗೆಮನೆಯಿಂದ ನನ್ನ ಹೆಂಡತಿ ಕೇಳಿದಳು.

ಯಾಕೆಂದರೆ ಅವಳ ಸಲುವಾಗಿಯೇ. ಅದು ನನಗೆ ಆಮೇಲೆ ತಿಳಿಯಿತು. ಅವಳಿಗೆ ಹದಿನಾರು ವರ್ಷದಿಂದ ಸಕ್ಕರೆ ಕಾಯಿಲೆ. ಇನ್ಸುಲಿನ್ ತಣ್ಣಗಿರಬೇಕು, ಹೊತ್ತಿಗೆ ಸರಿಯಾಗಿ ತನ್ನ ಕೈಯ ಊಟ ಬೇಕು, ತಾಸಿಗೊಮ್ಮೆ ಎದ್ದು ಹೋಗಬೇಕು, ಕಂಡಕಂಡವರ ಪಾಯಖಾನೆಗೆ ಕಾಲಿಡಲಾರಳು. ಹಿಂದಿನ ಸಲ ಬಂದಾಗ ನಯಾಗರಾಕ್ಕೆ ಹೋಗಿ, ಹೋಟೆಲಿನ ಒಂದು ರಾತ್ರಿಗೇ ಬೇಸತ್ತು, ಮುಂದೆ ಎಲ್ಲಿಗೂ ಬರುವುದಿಲ್ಲವೆಂದು ಕೂತುಬಿಟ್ಟಿದ್ದಳು. ಐದು ತಿಂಗಳು ಮನೆಯೊಳಗೇ ಇದ್ದು ತಿರುಗಿ ಹೋದ ತಾಯಿಯ ನೆನಪು ಮಗಳಿಗೆ ಚುಚ್ಚುತ್ತಿತ್ತು. "ಅವ್ವಗ ಅರವತ್ತೆಂಟು ಆತು ಅಪ್ಪಾ. ಇನ್ನೆಷ್ಟು ಸಲ ಬರತಾಳ ಇಷ್ಟು ದೂರ?" ಎಂದಳು ನನ್ನೊಬ್ಬನ ಮುಂದೆ. ಅದಕ್ಕೆಂದು ಅವರಿಬ್ಬರೂ ಹದಿನೈದು ಸಾವಿರ ಡಾಲರು ಕೂಡಿಟ್ಟಿದ್ದರು.

ನನಗೆ ಲೆಕ್ಕಕ್ಕಿಂತ ಮೊದಲು ಹಿನ್ನೆಲೆ ಬೇಕು. ಅಕ್ಬರನ ಬಗ್ಗೆ ಕೇಳಿದರೆ ಬಾಬರನಿಂದ ಶುರು ಮಾಡುವ ಜಾತಿ ನಮ್ಮದು. ಮರುದಿನವೇ ಮಗಳ ಕಾರ್ಡು ಇಸಿದುಕೊಂಡು ಊರಿನ ಗ್ರಂಥಾಲಯಕ್ಕೆ ಹೋಗಿ ಕೂತೆ. ಹತ್ತು ದಿನ ಹೋದೆ. ಗಾಲಿಯ ಮೇಲಿನ ಈ ಮನೆಗೆ ಇಷ್ಟು ದೊಡ್ಡ ಚರಿತ್ರೆ ಇರಬಹುದೆಂದು ಎಣಿಸಿರಲಿಲ್ಲ.

ಮೊದಲಿಗನೆಂದು ಹೆಸರಾದವನು ಗೋರ್ಡನ್ ಸ್ಟೇಬಲ್ಸ್ ಎಂಬ ಸ್ಕಾಟ್‌ಲಂಡಿನ ವೈದ್ಯ. ನೌಕಾಪಡೆಯಲ್ಲಿ ಸೇವೆ ಮಾಡಿ ಬಂದವನು, ಹುಡುಗರಿಗಾಗಿ ಸಾಹಸದ ಕತೆ ಬರೆಯುತ್ತಿದ್ದವನು. ಜಿಪ್ಸಿಗಳ ಬಂಡಿ ನೋಡಿ ಆಸೆಪಟ್ಟು ೧೮೮೫ರಲ್ಲಿ ಬ್ರಿಸ್ಟಲ್ಲಿನ ಒಂದು ಕಾರಖಾನೆಯಿಂದ ತನಗೊಂದು ಬಂಡಿಮನೆ ಮಾಡಿಸಿದ. ಎರಡು ಟನ್ ತೂಕದ್ದು, ಎಳೆಯಲು ಎರಡು ಕುದುರೆ. 'ವಾಂಡರರ್' ಎಂದು ಹೆಸರಿಟ್ಟು, ನೆಲದ ಮೇಲಿನ ಹಡಗೆಂದು ಕರೆದು, ದಕ್ಷಿಣ ಇಂಗ್ಲಂಡಿನಿಂದ ಸ್ಕಾಟ್‌ಲಂಡಿನ ಇನ್ವರ್ನೆಸ್‌ವರೆಗೆ ಹೋದ. ಇಕ್ಕಟ್ಟಿನ ರಸ್ತೆಗಳಲ್ಲಿ ಎದುರು ಬರುವವರಿಗೆ ಸುದ್ದಿ ಮುಟ್ಟಿಸಲು ಅವನ ಸೇವಕ ಮೂರು ಗಾಲಿಯ ಸೈಕಲ್ಲಿನ ಮೇಲೆ ಮುಂದೆ ಹೋಗುತ್ತಿದ್ದನಂತೆ. ಅಲೆಮಾರಿಗಳ ಪಾಲಿಗೆ ಬೇರೆ ದಾರಿಯಿಲ್ಲದ ಬದುಕು, ಅನುಕೂಲಸ್ಥನಾದ ವೈದ್ಯನಿಗೆ ಬೇಸಿಗೆಯ ಸುಖವಾಯಿತು. ಈ ಎರಡು ಎಳೆಗಳು ಮುಂದೆ ಎಂದೂ ಪೂರ್ತಿ ಬೇರೆಯಾಗಲಿಲ್ಲ ಎಂಬುದು ನಾನು ಓದುತ್ತ ಹೋದಂತೆ ಗೊತ್ತಾದ ಸಂಗತಿ.

ಅಮೇರಿಕೆಯಲ್ಲಿ ಇದನ್ನು ದೊಡ್ಡ ಉದ್ಯಮವಾಗಿ ಮಾಡಿದವರಲ್ಲಿ ಒಬ್ಬ ನಮ್ಮ ಮಗಳ ಊರಿನ ಹತ್ತಿರದವನೇ. ಡೆಟ್ರಾಯಿಟಿನ ಆರ್ಥರ್ ಶರ್ಮನ್, ಕಸುಬಿನಿಂದ ಸೂಕ್ಷ್ಮಜೀವಿ ವಿಜ್ಞಾನಿ. ೧೯೨೦ರ ದಶಕದ ಕೊನೆಗೆ ಹೆಂಡತಿ ಮಕ್ಕಳೊಂದಿಗೆ ಪ್ರವಾಸ ಹೋಗಲು ಡೇರೆ ಮಡಚಿಟ್ಟ ಒಂದು ಟ್ರೇಲರು ಕೊಂಡ. ಐದು ನಿಮಿಷದಲ್ಲಿ ಬಿಚ್ಚಿ ನಿಲ್ಲಿಸಬಹುದೆಂದು ಮಾರಿದವರು ಹೇಳಿದ್ದರು. ಮೊದಲ ರಾತ್ರಿಯೇ ಮಳೆ ಹೊಡೆಯಿತು, ಡೇರೆ ಬಿಚ್ಚಿಕೊಳ್ಳಲಿಲ್ಲ, ಎಲ್ಲರೂ ತೊಯ್ದು ತೊಪ್ಪೆಯಾದರು. ಮನೆಗೆ ಬಂದವನೇ ಆರು ಅಡಿ ಅಗಲ, ಒಂಬತ್ತು ಅಡಿ ಉದ್ದದ ಗಟ್ಟಿ ಮಾಡಿನ ಪೆಟ್ಟಿಗೆ ಮಾಡಿಸಿದ. ಅವನ ಮಕ್ಕಳು ತಮಾಷೆಗೆ ಅದನ್ನು 'ಕವರ್ಡ್ ವ್ಯಾಗನ್' ಎಂದು ಕರೆದರು. ಅವರ ಪೂರ್ವಜರು ಪಡುವಣಕ್ಕೆ ವಲಸೆ ಹೋದ ಕಮಾನುಬಂಡಿಯ ಹೆಸರು ಅದು. ೧೯೩೦ರ ಡೆಟ್ರಾಯಿಟ್ ಮೋಟಾರು ಪ್ರದರ್ಶನದಲ್ಲಿ ಇಟ್ಟ. ಕೆಲವೇ ವರ್ಷಗಳಲ್ಲಿ ಅವನದೇ ದೇಶದ ಅತಿ ದೊಡ್ಡ ಟ್ರೇಲರು ಕಂಪನಿಯಾಯಿತು.

ಇನ್ನೊಬ್ಬ ಕ್ಯಾಲಿಫೋರ್ನಿಯಾದ ವಾಲಿ ಬೈಯಮ್. ಇವನ ಹೆಂಡತಿ ಡೇರೆಯಲ್ಲಿ ಮಲಗಲೊಲ್ಲೆ, ಅಡಿಗೆಮನೆ ಇಲ್ಲದೆ ಬರಲೊಲ್ಲೆ ಎಂದು ಹಟ ಹಿಡಿದಳು. ಅದಕ್ಕಾಗಿ ಹಳೆಯ ಫೋರ್ಡ್ ಕಾರಿನ ಚೌಕಟ್ಟಿನ ಮೇಲೆ ಒಲೆ, ತಂಪುಪೆಟ್ಟಿಗೆ ಇರುವ ಸಣ್ಣ ಗೂಡು ಕಟ್ಟಿದ. ನೋಡಿದವರು ಕೇಳತೊಡಗಿದರು. ಅದೇ ಬೆಳೆದು ೧೯೩೧ರಲ್ಲಿ ಏರ್‌ಸ್ಟ್ರೀಮ್ ಕಂಪನಿಯಾಯಿತು. ೧೯೩೬ರಲ್ಲಿ ಬಂದ ಅವರ ಬೆಳ್ಳಿಬಣ್ಣದ 'ಕ್ಲಿಪ್ಪರ್' ೧,೨೦೦ ಡಾಲರಿನದು. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಈ ಕತೆಯನ್ನು ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ಮೊದಲ ಸಲ ಟ್ರೇಲರಿನ ವಿಷಯಕ್ಕೆ ಕಿವಿಗೊಟ್ಟಳು. "ಶಾಣ್ಯಾಕಿ ಇದ್ದಾಳ" ಎಂದಳು. ಬೈಯಮ್‌ನ ಬಗ್ಗೆ ಅಲ್ಲ.

೧೯೩೦ರ ದಶಕದ ಮಧ್ಯಕ್ಕೆ ಇದರ ಹುಚ್ಚು ಹೇಗೆ ಹಬ್ಬಿತೆಂದರೆ, ರೋಜರ್ ಬ್ಯಾಬ್ಸನ್ ಎಂಬ ಅರ್ಥಶಾಸ್ತ್ರಜ್ಞ, ಇನ್ನು ಇಪ್ಪತ್ತು ವರ್ಷದಲ್ಲಿ ಅಮೇರಿಕೆಯ ಅರ್ಧ ಜನ ಟ್ರೇಲರುಗಳಲ್ಲೇ ವಾಸಿಸುತ್ತಾರೆಂದು ಭವಿಷ್ಯ ಹೇಳಿಬಿಟ್ಟ. ೧೯೨೯ರ ಶೇರುಪೇಟೆಯ ಕುಸಿತವನ್ನು ಕೆಲವು ವಾರ ಮೊದಲೇ ಹೇಳಿದ್ದವನಾದ್ದರಿಂದ ಇದನ್ನೂ ಜನ ನಂಬಿದರು. ೧೯೩೭ರಲ್ಲಿ ವ್ಯಾಪಾರ ಬಿದ್ದುಹೋಯಿತು. ಒಮ್ಮೆ ಸರಿಯಾಗಿ ಹೇಳಿದವನನ್ನು ಎರಡನೆಯ ಸಲ ನಂಬುವುದು ನಮ್ಮಲ್ಲೂ ಇದೆ.

ಆದರೆ ಬ್ಯಾಬ್ಸನ್ ಹೇಳಿದ್ದು ಒಂದು ರೀತಿಯಲ್ಲಿ ನಿಜವಾದದ್ದನ್ನು ನಾನು ಮಗಳ ಮನೆಯಿಂದ ಇಪ್ಪತ್ತು ನಿಮಿಷದ ದಾರಿಯಲ್ಲೇ ಕಂಡೆ. ಇಪ್ಸಿಲಾಂಟಿ ಊರಿನ ಹತ್ತಿರ ವಿಲೋ ರನ್ ಎಂಬ ಜಾಗವಿದೆ. ಎರಡನೆಯ ಮಹಾಯುದ್ಧದಲ್ಲಿ ಫೋರ್ಡ್ ಕಂಪನಿ ಅಲ್ಲಿ ಬಾಂಬರ್ ವಿಮಾನಗಳ ಕಾರಖಾನೆ ನಡೆಸಿತು. ಬಿ-೨೪ ವಿಮಾನಗಳು, ಜೋರಾಗಿ ನಡೆದ ದಿನಗಳಲ್ಲಿ ಸುಮಾರು ಗಂಟೆಗೊಂದು. ೧೯೪೩ರಲ್ಲಿ ೪೨ ಸಾವಿರ ಜನ ಅಲ್ಲಿ ದುಡಿಯುತ್ತಿದ್ದರು. ಇಷ್ಟು ಜನರಿಗೆ ಮನೆ ಎಲ್ಲಿಂದ ಬರಬೇಕು? ಕೆಂಟಕಿ, ಟೆನೆಸಿಯಿಂದ ಹೊಟ್ಟೆಪಾಡಿಗೆ ಬಂದವರು ಹೊಲಗಳಲ್ಲಿ ಟ್ರೇಲರು ನಿಲ್ಲಿಸಿಕೊಂಡು ಸಂಸಾರ ಹೂಡಿದರು. ರಜೆಯ ಸುಖಕ್ಕೆಂದು ಹುಟ್ಟಿದ ಪೆಟ್ಟಿಗೆಗಳು ಮಿಶಿಗನ್ನಿನ ಚಳಿಯಲ್ಲಿ ಕೂಲಿಕಾರರ ಮನೆಯಾದವು. ಸರ್ಕಾರವೇ ಸಾವಿರಗಟ್ಟಲೆ ಕೊಂಡು ದೇಶದ ತುಂಬ ಇಂಥ ಕಾರಖಾನೆಗಳ ಸುತ್ತ ನಿಲ್ಲಿಸಿತು.

ಯುದ್ಧ ಮುಗಿದ ಮೇಲೆ ೧೯೫೦ರ ದಶಕದಲ್ಲಿ ಈ ವಂಶ ಎರಡು ಕವಲಾಯಿತು. ರಸ್ತೆಯ ಮೇಲೆ ಎಂಟು ಅಡಿಗಿಂತ ಅಗಲದ್ದನ್ನು ಎಳೆಯುವ ಹಾಗಿರಲಿಲ್ಲ. ವಾಸಕ್ಕೆಂದೇ ಹತ್ತು ಅಡಿ ಅಗಲದ್ದು ಬಂದಾಗ ಅದು ಒಮ್ಮೆ ನಿಲ್ಲಿಸಿದರೆ ನಿಂತೇಬಿಡುವ 'ಮೊಬೈಲ್ ಹೋಮ್' ಆಯಿತು. ಮೊಬೈಲ್ ಎಂಬ ಹೆಸರು ಮಾತ್ರ ಉಳಿಯಿತು. ಎಂಟು ಅಡಿಯದು ಪ್ರವಾಸದ ಟ್ರೇಲರಾಗಿ ಮುಂದುವರಿಯಿತು. ೧೯೫೪ರಲ್ಲಿ ಬಂದ 'ದಿ ಲಾಂಗ್, ಲಾಂಗ್ ಟ್ರೇಲರ್' ಎಂಬ ಚಿತ್ರವನ್ನು ನಾವೆಲ್ಲ ಕೂತು ನೋಡಿದೆವು. ಹೊಸದಾಗಿ ಮದುವೆಯಾದ ಜೋಡಿ ಉದ್ದನೆಯ ಟ್ರೇಲರು ಕೊಳ್ಳುತ್ತಾರೆ. ಹೆಂಡತಿ ಹೋದಲ್ಲೆಲ್ಲ ನೆನಪಿಗೆಂದು ಕಲ್ಲು ಆರಿಸಿ ಒಳಗೆ ತುಂಬುತ್ತಾಳೆ. ಬೆಟ್ಟದ ದಾರಿಯಲ್ಲಿ ಆ ಭಾರದಿಂದ ಪ್ರಾಣಕ್ಕೇ ಬರುತ್ತದೆ, ಸಂಸಾರ ಮುರಿಯುವ ತನಕ ಹೋಗುತ್ತದೆ. ಮಗಳು, ಅಳಿಯಂದಿರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಲ್ಲಿನ ಭಾರದ ಮಾತು ಅವರಿಗೆ ನಗೆಯಾಗಿ ಕಂಡಿತು. ನನಗೆ ಕಾಣಲಿಲ್ಲ, ಯಾಕೆಂದರೆ ನಾನು ಚಕ್ಕಡಿ ಹೂಡುವವರ ಮನೆಯಲ್ಲಿ ಹುಟ್ಟಿದವನು.

ನಮ್ಮದು ಬೈಲಹೊಂಗಲ ತಾಲೂಕಿನ ಹಳ್ಳಿ. ವರ್ಷಾ ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಹೂಡಿಕೊಂಡು ಹೋಗುತ್ತಿದ್ದೆವು. ಕಮಾನು ಕಟ್ಟಿ, ಮೇಲೆ ತಟ್ಟು ಹೊದಿಸಿ, ಒಳಗೆ ಕಣಿಕಿ ಹಾಸಿ ಅದರ ಮೇಲೆ ಕೌದಿ. ಗುಡ್ಡದ ಕೆಳಗೆ ಕೊಳ್ಳ ಬಿಟ್ಟರೆ ಮೂರು ನಾಲ್ಕು ದಿನ ಚಕ್ಕಡಿಯೇ ಮನೆ. ಬಗಲಿಗೆ ಮೂರು ಕಲ್ಲಿನ ಒಲೆ, ಕೆಳಗೆ ಹುಡುಗರ ಹಾಸಿಗೆ. ಇಂಥ ನೂರಾರು ಮನೆಗಳು ಒಂದೇ ರಾತ್ರಿಯಲ್ಲಿ ಊರಾಗಿ ನಿಲ್ಲುತ್ತಿದ್ದವು. ಹೇರುವಾಗ ಅಪ್ಪ ಒಂದೊಂದು ಗಂಟನ್ನೂ ಹಿಂದೆ ಮುಂದೆ ಸರಿಸಿ ಇಡುತ್ತಿದ್ದ. ಹಿಂಭಾರವಾದರೆ ಮೂಕಿ ಮೇಲಕ್ಕೆದ್ದು ಎತ್ತಿನ ಕುತ್ತಿಗೆ ಬಿಗಿಯುತ್ತದೆ, ಮುಂಭಾರ ಹೆಚ್ಚಾದರೆ ಹೆಗಲು ಹುಣ್ಣಾಗುತ್ತದೆ. ಟ್ರೇಲರಿನ ಪುಸ್ತಕದಲ್ಲಿ ಇದೇ ಮಾತು ಅಂಕಿಯಲ್ಲಿತ್ತು. ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕಾರಿನ ಕೊಂಡಿಯ ಮೇಲೆ ಬೀಳಬೇಕು. ಕಡಿಮೆಯಾದರೆ ಟ್ರೇಲರು ಹಾವಿನಂತೆ ಹೊಯ್ದಾಡಿ ಕಾರನ್ನೂ ಎಳೆದುಕೊಂಡು ಬೀಳುತ್ತದೆ.

ಇನ್ನೊಂದು ನೆನಪು. ೧೯೬೦ರ ಸುಮಾರಿಗೆ ಅಪ್ಪ ಒಂದು ಹಳೆಯ ಚಕ್ಕಡಿ ಕೊಳ್ಳಲು ನನ್ನನ್ನೂ ಕರೆದುಕೊಂಡು ಹೋಗಿದ್ದ. ಮಾರುವವನು ಅದರ ಗುಣಗಾನ ಮಾಡುತ್ತಿದ್ದರೆ ಅಪ್ಪ ಕಿವಿಗೇ ಹಾಕಿಕೊಳ್ಳದೆ ಕಲ್ಲೊಂದು ತೆಗೆದುಕೊಂಡು ಗಾಲಿಯ ಗುಂಬವನ್ನು, ಅಚ್ಚನ್ನು ಬಡಿಯುತ್ತ ಹೋದ. "ಮಾರವನ ಬಾಯಿ ಕೇಳಬ್ಯಾಡ, ಕಟ್ಟಿಗೀ ಬಾಯಿ ಕೇಳು. ಗಟ್ಟಿ ಜಾಲಿ ಟಣ್ ಅಂತದ, ಹುಳಾ ತಿಂದದ್ದು ದಬ್ ಅಂತದ" ಎಂದ. ಅವತ್ತು ದಬ್ ಎಂದಿತು. ನಾವು ಬರಿಗೈಲೆ ಬಂದೆವು.

ಈಗ ಮಾತಿಗೆ ಬರುತ್ತೇನೆ. ನಾವು ನೋಡಲು ಹೋದದ್ದು ಎರಡು ಟ್ರೇಲರು.

ಮೊದಲನೆಯದು ೫,೮೦೦ ಡಾಲರು. ಬೆಲೆ ಕೇಳಿಯೇ ಅಳಿಯಂದಿರು ಹಿಗ್ಗಿದ್ದರು. ಬಿಳಿ, ಬಣ್ಣದ ಪಟ್ಟೆ ಏನೂ ಇಲ್ಲ. ಮಾರುವ ಹುಡುಗ ೨೦೧೦ರದು ಎಂದ. ಈ ಗಾಡಿಗಳಿಗೆ ಹದಿನೇಳು ಅಕ್ಷರ-ಅಂಕಿಗಳ ಒಂದು ಗುರುತಿನ ಸಾಲು ಇರುತ್ತದೆ. ಅದರಲ್ಲಿ ಹತ್ತನೆಯದು ಮಾದರಿಯ ವರ್ಷ ಹೇಳುತ್ತದೆ ಎಂದು ಓದಿಕೊಂಡಿದ್ದೆ. ಶಾಸನ ಓದುವವನಂತೆ ಬಗ್ಗಿ ನೋಡಿದೆ. ೬ ಇತ್ತು, ಅಂದರೆ ೨೦೦೬. ಬಾಗಿಲ ಪಕ್ಕದಲ್ಲಿ ಏನನ್ನೋ ಅಂಟಿಸಿ ಕೆರೆದು ತೆಗೆದ ಚೌಕದ ಗುರುತು. ಏನಿತ್ತು ಎಂದು ಕೇಳಿದ್ದಕ್ಕೆ ಹುಡುಗ "ಗೊತ್ತಿಲ್ಲ, ಪಾರ್ಕಿಂಗ್ ಚೀಟಿ ಇರಬೇಕು" ಎಂದ.

ನನಗೆ ಅಲ್ಲಿಯೇ ಮೈ ಜುಮ್ಮೆಂದಿತು. ೨೦೦೫ರ ಆಗಸ್ಟಿನಲ್ಲಿ ಕತ್ರಿನಾ ಚಂಡಮಾರುತ ನ್ಯೂ ಆರ್ಲಿಯನ್ಸನ್ನು ಮುಳುಗಿಸಿದ ಮೇಲೆ, ಮನೆ ಕಳೆದುಕೊಂಡವರಿಗಾಗಿ ಅಮೇರಿಕೆಯ ಸರ್ಕಾರ ಲಕ್ಷಕ್ಕೂ ಮೇಲ್ಪಟ್ಟು ಟ್ರೇಲರುಗಳನ್ನೂ ಮೊಬೈಲ್ ಹೋಮುಗಳನ್ನೂ ಗಡಿಬಿಡಿಯಲ್ಲಿ ಕೊಂಡಿತು. ಒಳಗಿದ್ದ ಜನರಿಗೆ ಕಣ್ಣುರಿ, ಕೆಮ್ಮು, ಉಸಿರಿನ ತೊಂದರೆ. ೨೦೦೮ರಲ್ಲಿ ಸರ್ಕಾರದ ಆರೋಗ್ಯ ಸಂಸ್ಥೆಯೇ ಪರೀಕ್ಷಿಸಿ, ಅಗ್ಗದ ಹಲಗೆಗಳ ಅಂಟಿನಿಂದ ಬರುವ ಫಾರ್ಮಾಲ್ಡಿಹೈಡ್ ಅನಿಲ ಆ ಗೂಡುಗಳಲ್ಲಿ ಮಿತಿಮೀರಿದೆ ಎಂದಿತು. ಆಮೇಲೆ ಆ ಟ್ರೇಲರುಗಳನ್ನು ಏನು ಮಾಡಿದರು? ಹರಾಜು ಹಾಕಿದರು. 'ವಾಸಕ್ಕೆ ಬಳಸತಕ್ಕದ್ದಲ್ಲ' ಎಂಬ ಚೀಟಿ ಅಂಟಿಸಿ ಮಾರಿದರು. ೨೦೧೦ರಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಎಣ್ಣೆ ಬಾವಿ ಒಡೆದು ಸಮುದ್ರ ಕೆಟ್ಟಾಗ, ಅದನ್ನು ಬಳಿಯಲು ಬಂದ ಕೂಲಿಗಳು ಇವೇ ಟ್ರೇಲರುಗಳಲ್ಲಿ ಮಲಗಿದ್ದು ಪತ್ರಿಕೆಗಳಲ್ಲಿ ಬಂತು. ಕೆಲವು ಕಡೆ ಚೀಟಿ ಇರಲಿಲ್ಲ.

ನಮ್ಮ ಮುಂದಿದ್ದದ್ದು ಅವುಗಳಲ್ಲಿ ಒಂದೆಂದು ನಾನು ಹೇಳಲಾರೆ. ಕೆರೆದ ಗುರುತೊಂದನ್ನು ನೋಡಿ ಅಷ್ಟು ದೊಡ್ಡ ತೀರ್ಮಾನಕ್ಕೆ ಬಂದರೆ ನನ್ನ ವಿದ್ಯಾರ್ಥಿಗಳೇ ನಗುತ್ತಾರೆ. ಆದರೆ ನಾಲ್ಕು ವರ್ಷ ತಪ್ಪು ಹೇಳಿದವನು ಉಳಿದದ್ದರಲ್ಲಿ ಎಷ್ಟು ತಪ್ಪು ಹೇಳಿರಬಹುದು? ಅಳಿಯಂದಿರ ಮುಖ ಸಣ್ಣದಾಯಿತು. ಕಾರಿನಲ್ಲಿ ಬರುವಾಗ ಯಾರೂ ಮಾತಾಡಲಿಲ್ಲ.

ಎರಡನೆಯದರ ಕತೆ ಬೇರೆ. ಇಪ್ಪತ್ತನಾಲ್ಕು ಅಡಿಯದು, ೨೦೧೬ರದೇ, ಸಾಲಿನಲ್ಲೂ ಹಾಗೇ ಇತ್ತು. ೧೩,೫೦೦ ಡಾಲರು. ಮಾರುವವನು ಎಪ್ಪತ್ತು ದಾಟಿದ ಮನುಷ್ಯ, ಒಬ್ಬನೇ. ೨೦೨೦ರ ಕೋವಿಡ್ ಕಾಲದಲ್ಲಿ ವಿಮಾನ, ಹೋಟೆಲು ಎಲ್ಲ ಮುಚ್ಚಿದಾಗ ದೇಶವೇ ಟ್ರೇಲರುಗಳಿಗೆ ಮುಗಿಬಿದ್ದಿತ್ತು. ೨೦೨೧ರಲ್ಲಿ ಕಾರಖಾನೆಗಳಿಂದ ಎಲ್ಲ ಬಗೆಯ ಪ್ರವಾಸಿ ಬಂಡಿಮನೆಗಳು ಸೇರಿ ಆರು ಲಕ್ಷ ಹೊರಬಿದ್ದವು. ಅಷ್ಟು ಹಿಂದೆಂದೂ ಆಗಿರಲಿಲ್ಲ. ೨೦೨೩ರಲ್ಲಿ ಅದು ೩ ಲಕ್ಷ ೧೩ ಸಾವಿರಕ್ಕೆ ಇಳಿಯಿತು. ಆ ನೂಕುನುಗ್ಗಲಿನಲ್ಲಿ ಈ ಮನುಷ್ಯ, ಅವನ ಹೆಂಡತಿ ಬೇರೊಬ್ಬರಿಂದ ಇದನ್ನು ಕೊಂಡಿದ್ದರು. ಹನ್ನೊಂದು ರಾತ್ರಿ ಮಲಗಿದೆವು ಎಂದ. ಆಮೇಲೆ ಹೆಂಡತಿಗೆ ಕಾಯಿಲೆಯಾಯಿತು, ಹೋದಳು. ಒಳಗೆ ಕಪಾಟಿನಲ್ಲಿ ಎರಡು ಬಟ್ಟಲು, ಇಸ್ಪೀಟಿನ ಒಂದು ಕಟ್ಟು ಇನ್ನೂ ಇದ್ದವು. ನನ್ನ ಹೆಂಡತಿ ಒಲೆ ನೋಡಿದಳು, ಫ್ರಿಜ್ಜು ತೆರೆದಳು, ಪಾಯಖಾನೆಯ ಬಾಗಿಲು ತೆಗೆದು ಹಾಕಿದಳು, ಹಾಸಿಗೆಯ ಮೇಲೆ ಕೂತು ನೋಡಿದಳು. "ತಂಬಿಗಿ ಇಡಲಿಕ್ಕೂ ಜಾಗಾ ಅದ" ಎಂದಳು. ಅಂದರೆ ಒಪ್ಪಿಗೆ. ಮಗಳ ಕಣ್ಣು ಹೊಳೆದವು.

ನಾನು ಹೊರಗೆ ಹೋಗಿ ಟೈರು ನೋಡಿದೆ. ತಾನು ಕೊಳ್ಳುವಾಗ ಹೊಸ ಟೈರು ಹಾಕಿದ್ದರೆಂದು ಆತ ಹೇಳಿದ್ದ. ಟೈರಿನ ಪಕ್ಕೆಯ ಮೇಲೆ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷ. ೩೬೧೫ ಎಂದಿತ್ತು. ೨೦೧೫ರ ಮೂವತ್ತಾರನೆಯ ವಾರ. ಹಲ್ಲು ಸವೆದಿರಲಿಲ್ಲ, ನಿಜ, ಆದರೆ ಟ್ರೇಲರಿನ ಟೈರು ನಿಂತಲ್ಲೇ ಮುದಿಯಾಗುತ್ತದೆ. ಐದಾರು ವರ್ಷಕ್ಕೆ ಬದಲಿಸದಿದ್ದರೆ ಹೆದ್ದಾರಿಯಲ್ಲಿ ಸಿಡಿಯುವುದು ಸಾಮಾನ್ಯ. ಆಮೇಲೆ ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿಯುತ್ತ ಸುತ್ತು ಹಾಕಿದೆ. ಟಕ್, ಟಕ್, ಟಕ್. ಹಿಂದಿನ ಮೂಲೆಗೆ ಬಂದಾಗ ದಬ್ ಎಂದಿತು. ಒತ್ತಿದರೆ ಮೆತ್ತಗೆ ಒಳಗೆ ಹೋಯಿತು. ಒಳಗಡೆ ಅದೇ ಮೂಲೆಯಲ್ಲಿ ಹಾಸಿಗೆ ಎತ್ತಿದರೆ ನೆಲದ ಹಲಗೆ ಕರ್ರಗಾಗಿತ್ತು.

ಇಂಥ ಟ್ರೇಲರುಗಳ ಸಾವೆಲ್ಲ ನೀರಿನಿಂದ. ಮಾಡಿಗೆ ರಬ್ಬರಿನ ಹಾಳೆ, ಅದರ ಅಂಚುಗಳಿಗೆ ಅಂಟು ಮೇಣ. ವರ್ಷಕ್ಕೊಮ್ಮೆ ಏರಿ ನೋಡಿ ತಿರುಗಿ ಹಚ್ಚಬೇಕು. ಬಿಟ್ಟರೆ ಕೂದಲೆಳೆಯಷ್ಟು ಸಂದಿನಿಂದ ನೀರು ಇಳಿದು ಗೋಡೆಯೊಳಗಿನ ಕಟ್ಟಿಗೆಯನ್ನು ಕೊಳೆಸುತ್ತದೆ. ಹೊರಗಿನ ಹಾಳೆ ಮಾತ್ರ ಹೊಳೆಯುತ್ತ ನಿಂತಿರುತ್ತದೆ. ಅದನ್ನು ಸರಿಮಾಡಿಸಲು ಎಷ್ಟಾಗಬಹುದೆಂದು ಅಳಿಯಂದಿರು ಒಬ್ಬ ಕೆಲಸಗಾರನನ್ನು ಕೇಳಿದರು. ಆರು ಸಾವಿರ, ಬಿಚ್ಚಿದ ಮೇಲೆ ಹೆಚ್ಚಾದರೂ ಆಗಬಹುದು ಎಂದ.

ಆ ಮುದುಕ ಸುಳ್ಳು ಹೇಳಿದನೇ? ಇಲ್ಲ ಎಂದು ನನ್ನ ನಂಬಿಕೆ. ತನಗೆ ಮಾರಿದವರು ಹೇಳಿದ್ದನ್ನೇ ಆತ ನಮಗೆ ಹೇಳಿದ. ನಾವು ಪಾಠ ಹೇಳುವಾಗ ಎಷ್ಟೋ ಸಂಗತಿಗಳನ್ನು ಹೀಗೇ ದಾಟಿಸಿದ್ದೇವೆ. ಆತನಿಗೆ ಅಂಕಿ ತೋರಿಸಿದೆ, ಮೂಲೆ ಒತ್ತಿ ತೋರಿಸಿದೆ. ಆತ ಒತ್ತಿ ನೋಡಿ ಸುಮ್ಮನೆ ಕೈ ಅಲ್ಲೇ ಇಟ್ಟುಕೊಂಡು ನಿಂತ. ಮಗಳು ನನ್ನನ್ನು ದುರುಗುಟ್ಟಿ ನೋಡಿದಳು. ಯಾರ ಸಲುವಾಗಿ ನೋಡಿದಳೋ, ಆತನ ಸಲುವಾಗಿಯೋ, ತಾಯಿಯ ಸಲುವಾಗಿಯೋ, ನನಗೆ ಈಗಲೂ ತಿಳಿಯದು.

ಆ ರಾತ್ರಿ ನಾವು ಲೆಕ್ಕಕ್ಕೆ ಕೂತೆವು. ಮೊದಲು ತೂಕ. ಟ್ರೇಲರು ಖಾಲಿ ಇದ್ದಾಗಲೇ ೪,೭೦೦ ಪೌಂಡು. ನಲವತ್ತು ಗ್ಯಾಲನ್ ನೀರು ತುಂಬಿದರೆ ಅದೇ ೩೩೦ ಪೌಂಡು. ಗ್ಯಾಸು, ಬ್ಯಾಟರಿ, ಪಾತ್ರೆ, ಹಿಟ್ಟು ಬೇರೆ. ಅವರ ಕಾರು ಎಳೆಯಬಲ್ಲದ್ದು ೫,೦೦೦. ಎತ್ತು ನೋಡದೆ ಚಕ್ಕಡಿ ನೋಡಲು ಹೋಗಿದ್ದೆವು! ಕಾರು ಬದಲಿಸುವ ಮಾತೆಂದರೆ ಹದಿನೈದು ಸಾವಿರದಲ್ಲಿ ಮುಗಿಯುವುದಿಲ್ಲ. ಹಗುರಾದ ಬೇರೆ ಟ್ರೇಲರು ಸಿಕ್ಕಿತೆಂದೇ ಇಟ್ಟುಕೊಳ್ಳೋಣ ಎಂದರು ಅಳಿಯಂದಿರು. ಅವರ ಬಡಾವಣೆಯಲ್ಲಿ ಮನೆ ಮುಂದೆ ನಿಲ್ಲಿಸುವ ಹಾಗಿಲ್ಲ, ಬಾಡಿಗೆ ಜಾಗ ವರ್ಷಕ್ಕೆ ೯೦೦. ವಿಮೆ ೨೫೦. ರಿಪೇರಿ, ಚಳಿಗಾಲದಲ್ಲಿ ನಳಗಳ ನೀರು ಹೆಪ್ಪುಗಟ್ಟಿ ಒಡೆಯದಂತೆ ಮಾಡುವ ಆರೈಕೆ ಸೇರಿ ೮೦೦. ವರ್ಷವರ್ಷಕ್ಕೆ ಇಳಿಯುವ ಬೆಲೆ ೧,೫೦೦. ಒಟ್ಟು ೩,೪೫೦. ಎಳೆಯದೆ ನಿಲ್ಲಿಸಿದರೂ ತಪ್ಪದ ಖರ್ಚು ಇದು. ತಂಗುವ ಜಾಗಕ್ಕೆ ರಾತ್ರಿಗೆ ೪೫. ಸಾಧಾರಣ ಹೋಟೆಲು ೧೪೦. ವರ್ಷಕ್ಕೆ ಮೂವತ್ತೇಳು ರಾತ್ರಿ ಮಲಗಿದರೆ ಹೋಟೆಲಿಗಿಂತ ತುಸು ಅಗ್ಗ, ಇಪ್ಪತ್ತು ರಾತ್ರಿಯಾದರೆ ರಾತ್ರಿಗೆ ೨೧೭ ಬೀಳುತ್ತದೆ. ಅಳಿಯಂದಿರಿಗೆ ವರ್ಷಕ್ಕೆ ರಜೆ ಹದಿನೈದು ದಿನ. ಅದರಲ್ಲಿ ಎರಡು ವರ್ಷಕ್ಕೊಮ್ಮೆ ಊರಿಗೆ ಬರಬೇಕು.

"ಅವ್ವನ್ನ ಇದರಾಗ ಯಾವ ಕಾಲಮ್ಮಿನಾಗ ಹಾಕತೀರಿ?" ಎಂದು ಮಗಳು ಎದ್ದು ಹೋದಳು. ಅದಕ್ಕೆ ಉತ್ತರ ನನ್ನ ಬಳಿಯೂ ಇರಲಿಲ್ಲ, ಅಳಿಯಂದಿರ ಕಾಗದದ ಮೇಲೂ ಇರಲಿಲ್ಲ.

ದಾರಿ ತೋರಿಸಿದವಳು ನನ್ನ ಹೆಂಡತಿಯೇ. "ಜಾತ್ರಿಗೆ ಹೋಗಾಗ ಎಲ್ಲಾರೂ ಚಕ್ಕಡಿ ಇಟ್ಟಿದ್ದರೇನು? ಇಲ್ಲದವರು ಬಾಡಿಗಿ ಹೇಳತಿದ್ದರು" ಎಂದಳು ಬೆಳಿಗ್ಗೆ ಚಹಾ ಕೊಡುತ್ತ. ವಿಚಾರಿಸಿದರೆ ಅಲ್ಲಿಯೂ ಆ ವ್ಯವಸ್ಥೆ ಇದೆ. ಟ್ರೇಲರಿನ ಮಾಲೀಕರು ತಾವೇ ಎಳೆದು ತಂದು, ನಾವು ಹೇಳಿದ ತಾಣದಲ್ಲಿ ನಿಲ್ಲಿಸಿ, ನೀರು ಕರೆಂಟು ಜೋಡಿಸಿಕೊಟ್ಟು ಹೋಗುತ್ತಾರೆ.

ಸಪ್ಟಂಬರಿನಲ್ಲಿ ಲೇಕ್ ಮಿಶಿಗನ್ ದಂಡೆಯ ಲಡಿಂಗ್ಟನ್ ಎಂಬಲ್ಲಿ ನಾಲ್ಕು ರಾತ್ರಿ ಇದ್ದೆವು. ಸರೋವರ ಎನ್ನುತ್ತಾರೆ, ಕಣ್ಣಿಗೆ ಸಮುದ್ರವೇ, ಉಪ್ಪಿನ ವಾಸನೆ ಮಾತ್ರ ಇಲ್ಲ. ಮೊದಲ ರಾತ್ರಿ ಮಳೆ. ಮಾಡಿನ ಮೇಲೆ ಅದರ ಸಪ್ಪಳಕ್ಕೆ ನಾನು ನಿದ್ದೆ ಮಾಡಲಿಲ್ಲ, ಎದ್ದೆದ್ದು ಮೂಲೆಗಳನ್ನು ಮುಟ್ಟಿ ನೋಡಿದೆ. ಹೆಂಡತಿ ಗೊರಕೆ ಹೊಡೆದಳು. ಮುಂಜಾನೆ ಊರಿಂದ ತಂದ ಜೋಳದ ಹಿಟ್ಟಿನಿಂದ ರೊಟ್ಟಿ ಬಡಿಯಲು ಕೂತಳು. ಎರಡನೆಯ ರೊಟ್ಟಿ ಬೇಯುವಾಗ ಹೊಗೆಯ ಗಂಟೆ ಊರೆಲ್ಲ ಕೇಳುವಂತೆ ಬಡಿದುಕೊಂಡಿತು. ಪಕ್ಕದ ಟ್ರೇಲರಿನವರು ಬೆಂಕಿ ಬಿತ್ತೆಂದು ಓಡಿಬಂದು, ತಲೆಗೊಂದು ರೊಟ್ಟಿ ತಿಂದು ಹೋದರು. ಸಂಜೆ ಅವಳು ದಂಡೆಯ ಮೇಲೆ ಅರ್ಧ ಮೈಲು ನಡೆದಳು. ತನ್ನ ಪಾಯಖಾನೆ ಕಣ್ಣಳತೆಯಲ್ಲಿದೆ ಎಂಬ ಧೈರ್ಯ. ಬೆಳ್ಳನೆಯ ನಾಲ್ಕು ಕಲ್ಲು ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡದ್ದನ್ನು ನೋಡಿ ಮಗಳು, ಅಳಿಯಂದಿರು ಮುಖ ಮುಖ ನೋಡಿಕೊಂಡು ನಕ್ಕರು. ನಾನು ಏನೂ ಹೇಳಲಿಲ್ಲ. ಟ್ರೇಲರು ನಮ್ಮದಲ್ಲವಲ್ಲ.

ತಿರುಗಿ ಬರುವಾಗ ಕಾರಿನಲ್ಲಿ ಅವಳು ಅಳಿಯಂದಿರಿಗೆ, "ಆ ಅಜ್ಜಗೊಮ್ಮೆ ಫೋನ್ ಮಾಡರೆಪಾ. ಮಾತಿಲ್ಲದ ಎದ್ದು ಬಂದಿವಿ" ಎಂದಳು. ದಾರಿಯಲ್ಲಿ ಎಣ್ಣೆ ಹಾಕಿಸಲು ನಿಂತಾಗ ಅವರು ಮಾಡಿದರು. ಟ್ರೇಲರು ಹೋದ ವಾರವೇ ಮಾರಿತಂತೆ, ಒಂಬತ್ತು ಸಾವಿರಕ್ಕೆ. ನಾವು ತೋರಿಸಿದ್ದನ್ನೆಲ್ಲ, ಟೈರಿನ ಅಂಕಿಯನ್ನೂ ಮೆತ್ತಗಿನ ಮೂಲೆಯನ್ನೂ, ಕೊಳ್ಳುವವರಿಗೆ ತೋರಿಸಿಯೇ ಮಾರಿದೆ ಎಂದನಂತೆ. ಕೊಂಡವರು ಸಣ್ಣ ವಯಸ್ಸಿನ ಗಂಡಹೆಂಡತಿ, ಜೊತೆಗೊಂದು ಕೂಸು.

"ಎಲ್ಲಿಗೆ ಹೋಗತಾರಂತ?" ಎಂದು ಕೇಳಿದಳು ನನ್ನ ಹೆಂಡತಿ.

"ಎ‍ಲ್ಲಿಗೂ ಇಲ್ಲ ಅತ್ತೆ. ಮನೆ ಬಾಡಿಗೆ ಕಟ್ಟೋಕಾಗ್ತಿಲ್ಲವಂತೆ. ಅದರಲ್ಲೇ ಇರ್ತಾರಂತೆ. ಟೈರಿನ ಚಿಂತೆ ಇಲ್ಲ ಅಂದ್ರಂತೆ."

"ಥಂಡ್ಯಾಗೂ?"

ಅಳಿಯಂದಿರು ಕಾರು ಚಾಲೂ ಮಾಡಿದರು.